ಖಾಲಿ ಅದ ಅಂದ ಪೆನ್‌ಡ್ರೈವ್

ಶಹಾಪುರದ ನಮ್ಮ ಮನೆಯ ಕಂಪ್ಯೂಟರು ಆ ವರ್ಷ ನನ್ನ ತಾಳ್ಮೆಯನ್ನೆಲ್ಲ ತಿಂದು ಹಾಕಿತ್ತು. ಗುಂಡಿ ಒತ್ತಿ, ಒಳಗೆ ಹೋಗಿ ಚಹಾಕ್ಕಿಟ್ಟು, ಸೋಸಿ, ಕುಡಿದು ಬಂದರೂ ಪರದೆಯ ಮೇಲೆ ಅದೇ ಚಕ್ರ ತಿರುಗುತ್ತಿರುತ್ತಿತ್ತು. ತೆರೆದುಕೊಂಡ ಮೇಲೆ ಜಾಹೀರಾತುಗಳ ಕಾಟ. ಒಂದು ಮುಚ್ಚಿದರೆ ಮೂರು ಹುಟ್ಟುತ್ತಿದ್ದವು. ಹತ್ತನೇ ತರಗತಿಗೆ ವಿಜ್ಞಾನದ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತ ಕೂತರೆ ನಡುವೆ ಯಾರೋ ಇಸ್ಪೀಟು ಆಡಲು ಕರೆಯುತ್ತಿದ್ದರು.

ಇದಕ್ಕೆಲ್ಲ ಕಾರಣ ನನ್ನ ಗಂಡ. ಯಾದಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತರು. ಅಲ್ಲಿ ಅರ್ಜಿಯಲ್ಲಿ ಒಂದು ಅಕ್ಷರ ತಪ್ಪಿದ್ದರೂ ವಾಪಸು ಕಳಿಸುವವರು, ಮನೆಯಲ್ಲಿ ಪರದೆಯ ಮೇಲೆ ಏನು ಬಂದರೂ ಓದದೆ ಓಕೆ ಒತ್ತುತ್ತಾರೆ.

"ಓದಿ ಒತ್ರಿ" ಅಂದರೆ, "ಅದು ಕೇಳ್ತದ, ನಾ ಹ್ಞೂಂ ಅಂತೀನಿ. ಅದಕ್ಯಾಕ ಇಷ್ಟು ಸಿಟ್ಟು?" ಅನ್ನುತ್ತಾರೆ.

ಎಲ್ಲ ಅಳಿಸಿ ಆಪರೇಟಿಂಗ್ ಸಿಸ್ಟಮ್ಮನ್ನು ಹೊಸದಾಗಿ ಹಾಕದೆ ಬೇರೆ ದಾರಿ ಉಳಿದಿರಲಿಲ್ಲ. ಆದರೆ ಅಂಗಡಿಗೆ ಕೊಡಲು ನಾನು ತಯಾರಿರಲಿಲ್ಲ. ಹಿಂದೊಮ್ಮೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಯಾದಗಿರಿಗೆ ಒಯ್ದಿದ್ದೆ. "ಸಿ ಡ್ರೈವ್ ಅಷ್ಟೇ ಅಳಸ್ರಿ, ಡಿ ಮುಟ್ಟಬ್ಯಾಡ್ರಿ" ಎಂದು ರಿಪೇರಿಯವನಿಗೆ ಎರಡು ಸಲ ಹೇಳಿದ್ದೆ. ಸಂಜೆ ಹೋದರೆ ಅವನು ನಗುತ್ತ, "ಪೂರಾ ಸಾಫ್ ಮಾಡೀನ್ರಿ ಮೇಡಂ, ಚಿಂತೀನ ಬಿಡ್ರಿ" ಅಂದ. ಡಿಯಲ್ಲಿದ್ದ ಮಗಳ ಮೊದಲ ಮೂರು ವರ್ಷದ ಫೋಟೊಗಳೂ ಸಾಫ್ ಆಗಿದ್ದವು.

ಹಾಗಾಗಿ ಈ ಸಲ ನಾನೇ ಮಾಡುವುದೆಂದು ಹಟ ಹಿಡಿದೆ. ಸುರಪುರದಲ್ಲಿ ಟೀಚರಾಗಿರುವ ಗೆಳತಿಯಿಂದ ಹಾರ್ಡ್ ಡಿಸ್ಕ್ ತಂದು ಒಂದೊಂದೇ ಫೋಲ್ಡರ್ ನಕಲು ಮಾಡಿದೆ. ಅಷ್ಟಕ್ಕೇ ನಂಬದೆ ಅದನ್ನು ನಮ್ಮ ಶಾಲೆಯ ಕಂಪ್ಯೂಟರಿಗೆ ಹಚ್ಚಿ ಫೈಲುಗಳು ತೆರೆಯುತ್ತವೋ ಇಲ್ಲವೋ ನೋಡಿದೆ. ಹಳೆಯ ಕನ್ನಡ ಫಾಂಟುಗಳನ್ನು ಬೇರೆ ಎತ್ತಿಟ್ಟೆ. ಅವಿಲ್ಲದಿದ್ದರೆ ಇಷ್ಟು ವರ್ಷದ ಪ್ರಶ್ನೆಪತ್ರಿಕೆಗಳು ಯಾರಿಗೂ ತಿಳಿಯದ ಗೀಚುಗಳಾಗಿ ಕಾಣುತ್ತವೆ. ಹೊಸದಾಗಿ ಹಾಕಿದ ಮೇಲೆ ಕಂಪ್ಯೂಟರು ಕೇಳುವ ಖಾತೆಯ ಪಾಸ್‌ವರ್ಡು ಗಂಡನಿಗೆ ಮರೆತುಹೋಗಿತ್ತು. ಹೊಸದು ಮಾಡೋಣವೆಂದರೆ ಓಟಿಪಿ ಅವರು ಎಂದೋ ಬಿಸಾಕಿದ ಸಿಮ್ಮಿಗೆ ಹೋಗುತ್ತಿತ್ತು. ಅದನ್ನು ಬಗೆಹರಿಸಲು ಒಂದು ವಾರ ಹಿಡಿಯಿತು. ಆ ವಾರ ನಾನು ಮನೆಯಲ್ಲಿ ಯಾರ ಜೊತೆಗೂ ನೆಟ್ಟಗೆ ಮಾತಾಡಿದ್ದು ನೆನಪಿಲ್ಲ.

ಭಾನುವಾರ ಬೆಳಿಗ್ಗೆ ಎಲ್ಲ ಸಿದ್ಧವಾಯಿತು. ಹೊಸ ಸಿಸ್ಟಮ್ಮನ್ನು ತುಂಬಿಕೊಳ್ಳಲು ಒಂದು ಪೆನ್‌ಡ್ರೈವ್ ಬೇಕಿತ್ತು. ಗಂಡ ತಮ್ಮ ಅಂಗಿಯ ಕಿಸೆಯಿಂದ ಕರಿದೊಂದನ್ನು ತೆಗೆದುಕೊಟ್ಟರು.

"ಖಾಲಿ ಅದ ಏನ್ರಿ?"

"ಖಾಲಿ ಅದ."

ಪೆನ್‌ಡ್ರೈವಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಬಂತು. ನಾನು ಕೂತಲ್ಲಿಂದಲೇ ಕೂಗಿದೆ: "ಎಲ್ಲಾ ಅಳಿಸಿ ಹೋಗ್ತದಂತ, ನೋಡ್ರಿ ಮತ್ತ!"

"ಖಾಲಿ ಅದ ಅಂದ್ನಲ್ಲ! ಎಷ್ಟ್ ಸಲ ಕೇಳ್ತಿ?"

ಓಕೆ ಒತ್ತಿದೆ.

ಮುಂದಿನದು ಸಲೀಸಾಗಿ ನಡೆಯಿತು. ಹಳೆಯ ವಿಭಾಗಗಳನ್ನೆಲ್ಲ ಅಳಿಸಿ, ಖಾಲಿ ಜಾಗಕ್ಕೆ ಹೊಸದನ್ನು ಹಾಕಿದೆ. ನಡುವೆ ಕರೆಂಟು ಹೋಗಿ ಯುಪಿಎಸ್ಸು ಕುಂಯ್‌ಗುಡತೊಡಗಿತು, ಆದರೆ ಹತ್ತೇ ನಿಮಿಷದಲ್ಲಿ ಕರೆಂಟು ಮತ್ತೆ ಬಂತು. ಮಧ್ಯಾಹ್ನದ ಹೊತ್ತಿಗೆ ಫೋಟೊ, ಪ್ರಶ್ನೆಪತ್ರಿಕೆ, ಫಾಂಟು ಎಲ್ಲ ತಮ್ಮ ಜಾಗ ಸೇರಿದ್ದವು. ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಳ್ಳುತ್ತಿತ್ತು. ಅವತ್ತು ಸುಮ್ಮನೆ ನಾಲ್ಕೈದು ಸಲ ಬಂದ್ ಮಾಡಿ ಶುರು ಮಾಡಿದ್ದೆ.

ಬುಧವಾರ ಗಂಡನ ಅಕ್ಕನ ಫೋನು ಬಂತು. ಅವರು ಕೆಂಭಾವಿ ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಟೀಚರು.

"ಏನವಾ, ತಮ್ಮ ಪ್ರಿಂಟ್ ತೆಗಿಸ್ಯಾನೇನು?"

"ಯಾವ ಪ್ರಿಂಟ್ ಅಕ್ಕಾರ?"

"ಹೋದ ವಾರ ಪೆನ್‌ಡ್ರೈವ್ ಕೊಟ್ಟಿದ್ನಲ್ಲ. ಕರೇದು."

ಸಂಜೆ ಕೇಳಿ ಹೇಳುತ್ತೇನೆಂದು ಫೋನಿಟ್ಟೆ.

ಅದರಲ್ಲಿ ಏನಿತ್ತೆಂದು ಕೇಳದೆಯೇ ನನಗೆ ಗೊತ್ತಾಯಿತು, ಮನೆಗೆ ಬಂದಾಗಲೆಲ್ಲ ಅಕ್ಕ ಅದರದೇ ಮಾತಾಡುತ್ತಿದ್ದರು. ಅವರ ಶಾಲೆಯ ಅರ್ಧ ಮಕ್ಕಳು ಕುರಿ ಸಾಕುವ ಮನೆಯವರು. ಅಪ್ಪ ಅವ್ವ ಕುರಿಮಂದೆ ಹೊಡೆದುಕೊಂಡು ಮೇವಿರುವ ಕಡೆ ಹೊರಟಾಗ ಮಕ್ಕಳೂ ಹೊರಡುತ್ತಾರೆ, ತಿರುಗಿ ಬರುವಷ್ಟರಲ್ಲಿ ಕಲಿತ ಅಕ್ಷರ ಮರೆತಿರುತ್ತಾರೆ. ಅಂಥವರು ಜೊತೆಗೆ ಒಯ್ದು ಓದಿಕೊಳ್ಳಲೆಂದು ಟಗರು, ಮರಿ, ಕಂಬಳಿ, ಹಟ್ಟಿ ಎಂದು ಮಕ್ಕಳಿಗೆ ಗೊತ್ತಿರುವ ಮಾತುಗಳಿಂದಲೇ ನಲವತ್ತೆಂಟು ಪುಟ್ಟ ಪಾಠ ಕಟ್ಟಿದ್ದರು. ಎರಡು ವರ್ಷದ ಕೆಲಸ. ಟೈಪ್ ಮಾಡುತ್ತಿದ್ದುದು ಶಾಲೆಯ ಕಂಪ್ಯೂಟರಿನಲ್ಲಿ. ಅದರಲ್ಲಿಟ್ಟರೆ ಯಾರಾದರೂ ಅಳಿಸಿಯಾರೆಂಬ ಅಂಜಿಕೆಗೆ ಪೆನ್‌ಡ್ರೈವಿನಲ್ಲಿ ಮಾತ್ರ ಉಳಿಸಿದ್ದರು.

ಗಂಡ ಕಚೇರಿಯಿಂದ ಬರುವುದನ್ನೇ ಕಾಯುತ್ತಿದ್ದೆ.

"ನನ್ನದಂತ ತಿಳಕೊಂಡಿದ್ದೆ" ಅಂದರು. "ನಂದೂ ಕರೇದೇ ಅದ."

"ಒಮ್ಮೆ ಹಚ್ಚಿ ನೋಡಿದ್ರ ಏನಾಗ್ತಿತ್ರಿ?"

"ಹಚ್ಚಿದಾಕಿ ನೀನು. ನೋಡಬೇಕಿತ್ತಲ್ಲ ನೀನೇ?"

ಆ ಮಾತಿಗೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಿಜವಿದ್ದದ್ದಕ್ಕೇ ಇನ್ನೂ ಹೆಚ್ಚು ಬಂತು. ನನ್ನದೆಂಬ ಪ್ರತಿಯೊಂದು ಫೈಲನ್ನೂ ಎರಡೆರಡು ಸಲ ನೋಡಿದ್ದ ನಾನು ಅದೊಂದನ್ನು ತೆರೆದು ನೋಡಿರಲಿಲ್ಲ.

"ನೀನೇ ಹೇಳಿಬಿಡು, ನಿನಗ ಬೈಯಂಗಿಲ್ಲ ಆಕಿ" ಎಂದು ಜಾರಿಕೊಳ್ಳಲು ನೋಡಿದರು. ನಾನು ಬಿಡಲಿಲ್ಲ. ಮುಂದಿನ ಭಾನುವಾರ ಇಬ್ಬರೂ ಕೆಂಭಾವಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರು ಕಿಟಕಿಯ ಕಡೆ, ನಾನು ಕಂಡಕ್ಟರನ ಕಡೆ ನೋಡುತ್ತ ಕೂತಿದ್ದೆವು.

ಅಕ್ಕ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಹೇಳಿ ಮುಗಿಸುವವರೆಗೆ ಮೊರದ ಮೇಲಿನ ಕೈ ತೆಗೆಯಲಿಲ್ಲ. ಆಮೇಲೆ ತಮ್ಮನ ಕಡೆ ತಿರುಗಿ, "ಯಾವುದನ್ನರ ಸರಿ ನೋಡೀಯೇನೋ ಹುಟ್ಟಿದಾಗಿಂದ?" ಅಂದರು. ಗಂಡ ತಲೆ ತಗ್ಗಿಸಿದರು. ನನ್ನ ಪಾಲೂ ಉಳಿದಿತ್ತು. "ನೀ ಸೈನ್ಸ್ ಟೀಚರಾಗಿ ಇವನ ಮಾತು ನಂಬಿದೇನವಾ? ಇಷ್ಟ ವರ್ಷ ಸಂಸಾರ ಮಾಡೀದಿ!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಕ್ಕನ ಕಣ್ಣು ತುಂಬಿದ್ದವು.

ಅಲ್ಲಿಗೆ ಹೋಗುವ ಮೊದಲು ನಾನು ಸುಮ್ಮನೆ ಕೂತಿರಲಿಲ್ಲ. ಪೆನ್‌ಡ್ರೈವಿಗೆ ಮತ್ತೇನನ್ನೂ ಹಾಕದೆ, ಅಳಿಸಿಹೋದದ್ದನ್ನು ಹುಡುಕಿ ತೆಗೆಯುವ ತಂತ್ರಾಂಶ ತಂದು ನಡೆಸಿದ್ದೆ. ಹತ್ತೊಂಬತ್ತು ಪಾಠ ಸಿಕ್ಕಿದ್ದವು, ಹೆಸರಿಲ್ಲದೆ, ಕ್ರಮವಿಲ್ಲದೆ. ಅವನ್ನು ಮುದ್ರಿಸಿ ಒಯ್ದಿದ್ದೆ. ಅಕ್ಕ ಹಾಳೆಗಳನ್ನು ನೆಲದ ಮೇಲೆ ಹರವಿ, ಯಾವುದರ ಮುಂದೆ ಯಾವುದು ಬರಬೇಕೆಂದು ಹೊಂದಿಸತೊಡಗಿದರು. ಒಂದಿಷ್ಟು ಪಾಠಗಳ ಕರಡು ಹಳೆಯ ನೋಟುಬುಕ್ಕಿನಲ್ಲಿತ್ತು. ಉಳಿದವನ್ನು ನೆನಪು ಮಾಡಿಕೊಂಡೇ ಬರೆಯಬೇಕಿತ್ತು.

ಮುಂದಿನ ಐದು ಭಾನುವಾರ ಅಕ್ಕ ನಮ್ಮ ಮನೆಗೆ ಬಂದರು. ಅವರು ಹೇಳುವುದು, ನನ್ನ ಗಂಡ ಟೈಪ್ ಮಾಡುವುದು. ಅದು ಅಕ್ಕನ ಹುಕುಂ. ಎರಡೇ ಬೆರಳಲ್ಲಿ ಕುಟ್ಟುತ್ತ, ಒತ್ತಕ್ಷರ ಬಂದಾಗಲೆಲ್ಲ ನನ್ನನ್ನು ಕರೆಯುತ್ತ, ಬೆನ್ನು ನೋವೆಂದು ನರಳುತ್ತ ಅವರು ಮಾಡಿದರು. ನಾನು ಪ್ರತಿ ವಾರದ ಕೆಲಸವನ್ನು ಮೂರು ಕಡೆ ಉಳಿಸಿ, ಮೂರನ್ನೂ ತೆರೆದು ನೋಡಿ ಏಳುತ್ತಿದ್ದೆ. ಅಕ್ಕ ಹಿಂದೆ ನಿಂತು ತಾವೂ ನೋಡುತ್ತಿದ್ದರು.

ಪುಸ್ತಕ ಕೊನೆಗೆ ನಲವತ್ತಾರು ಪಾಠದ್ದಾಯಿತು. ಎರಡು ನೆನಪಿಗೆ ಬರಲೇ ಇಲ್ಲ. "ಇರಲಿ ಬಿಡು, ಹುಡುಗೂರಿಗಿ ಇಷ್ಟೇ ಜಾಸ್ತಿ ಆಗ್ತದ" ಅಂದರು ಅಕ್ಕ. ಶಹಾಪುರದಲ್ಲೇ ಝೆರಾಕ್ಸ್ ತೆಗೆಸಿ, ದಾರದಲ್ಲಿ ಹೊಲಿಸಿ, ಚೀಲದಲ್ಲಿ ತುಂಬಿ ಅವರನ್ನು ಬಸ್ಸು ಹತ್ತಿಸಿ ಬಂದೆವು. ಕುರಿಮಂದೆಗಳು ಆ ವಾರವೇ ಹೊರಡುವುದಿತ್ತು, ಜೊತೆಗೆ ಮಕ್ಕಳೂ.