ತಳ್ಳಿದರೆ ಮಾತ್ರ ಸ್ಟಾರ್ಟ್ ಆಗುತ್ತಿದ್ದ ಬೈಕು

ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ, ಬೇರೆಯವರು ಮಾಡಿದ್ದನ್ನು ಅಳೆದು ತಪ್ಪು ಹುಡುಕುವುದು. ಅಂಥವನಿಗೆ ಸ್ನೇಹಿತರು ಎಲ್ಲಿಂದ ಬರಬೇಕು? ಭಾನುವಾರ ಮಾತಿಗೆ ಯಾರೂ ಸಿಗುತ್ತಿರಲಿಲ್ಲ. ಆ ಬೇಸರಕ್ಕೇ ಕಲ್ಲುಮಣ್ಣಿನ ದಾರಿಯಲ್ಲಿ ಓಡಿಸುವ ಒಂದು ಹಳೆಯ ಡರ್ಟ್ ಬೈಕ್ ಕೊಂಡೆ. ಅದಕ್ಕೆ ಕಿಕ್ಕರ್ ಇಲ್ಲ, ಬಟನ್ ಒತ್ತಿದರೆ ಸ್ಟಾರ್ಟ್ ಆಗಬೇಕು. ಆಗುತ್ತಿರಲಿಲ್ಲ.

ಮೊದಲ ಭಾನುವಾರವೇ ಅಂಗಳದಲ್ಲಿ ಬೆವರು ಸುರಿಸುತ್ತ ನಿಂತಿದ್ದೆ. ಕೆಳಗಿನ ರೂಮಿನಲ್ಲಿದ್ದ ಯಾದಗಿರಿ ಕಡೆಯ ಮೂವರು ಗಾರೆ ಕೆಲಸದವರು ಹಲ್ಲುಜ್ಜುತ್ತಲೇ ಹೊರಗೆ ಬಂದರು.

"ನಿಮ್ಮ ಕುದುರಿ ಏಳವಲ್ದೇನ್ರಿ ಸರ?" ಎಂದರು ಹಿರಿಯರು. "ಕುಂದರ್ರಿ ಮ್ಯಾಲೆ, ನಾವು ದಬ್ತೀವಿ."

ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಎಂಜಿನ್ ಹಿಡಿಯಿತು. ನಾಲ್ವರೂ ಮೂಲೆಯಂಗಡಿಯಲ್ಲಿ ಚಹಾ ಕುಡಿದೆವು. ಆಮೇಲೆ ಪ್ರತಿ ಭಾನುವಾರವೂ ಇದೇ ಪದ್ಧತಿಯಾಯಿತು.

ನನಗೆ ಮಾತ್ರ ಅವಮಾನ. ಬ್ಯಾಟರಿ ಬದಲಾಯಿಸಿದೆ, ಪ್ಲಗ್ ಬದಲಾಯಿಸಿದೆ, ಕಾರ್ಬುರೇಟರ್ ತೊಳೆದೆ. ಊಹುಂ. "ಅಂದಾಜು ಬೇಡ, ಅಳೀರಿ" ಎಂದು ಕಾರ್ಖಾನೆಯಲ್ಲಿ ಎಲ್ಲರನ್ನೂ ಗದರುವ ನಾನು ಮನೆಯಲ್ಲಿ ಎರಡು ತಿಂಗಳು ಅಂದಾಜಿನಲ್ಲೇ ಕಳೆದಿದ್ದೆ. ತಳ್ಳಿದರೆ ಹಿಡಿಯುತ್ತದೆ, ಬಟನ್‌ಗೆ ಹಿಡಿಯುವುದಿಲ್ಲ. ಸುಳಿವು ಕಣ್ಣೆದುರೇ ಇತ್ತು. ಕೊನೆಗೆ ಫೀಲರ್ ಗೇಜ್ ತಂದು, ಅದರ ಕಾಗದದಷ್ಟು ತೆಳ್ಳಗಿನ ಉಕ್ಕಿನ ಪಟ್ಟಿಯನ್ನು ವಾಲ್ವಿನ ಸಂದಿಗೆ ತೂರಿಸಲು ನೋಡಿದೆ. ಸಂದಿಯೇ ಉಳಿದಿರಲಿಲ್ಲ. ವಾಲ್ವ್ ಪೂರ್ತಿ ಮುಚ್ಚದೆ ಎಂಜಿನ್ನಿನ ಒತ್ತಡ ಸೋರುತ್ತಿತ್ತು; ಬಟನ್ ತಿರುಗಿಸುವ ವೇಗ ಸಾಲದೆ, ತಳ್ಳಿದ ವೇಗಕ್ಕೆ ಮಾತ್ರ ಹಿಡಿಯುತ್ತಿತ್ತು. ವಾಲ್ವಿನ ಮೇಲೆ ಕೂರುವ ಪುಟ್ಟ ಬಿಲ್ಲೆಯನ್ನು ಪಕ್ಕದ ಶೆಡ್ಡಿನ ಗ್ರೈಂಡಿಂಗ್ ಮೆಷಿನ್ನಿನಲ್ಲಿ ಕೂದಲೆಳೆಯಷ್ಟು ಸವೆಸಿ ಮತ್ತೆ ಕೂರಿಸಿದೆ.

ಆ ಭಾನುವಾರ ಮೂವರೂ ಲುಂಗಿ ಎತ್ತಿ ಕಟ್ಟಿ, ಹಿಂದಿನ ಸೀಟಿಗೆ ಕೈಯಿಟ್ಟು ತಯಾರಾಗಿದ್ದರು. ನಾನು ಬಟನ್ ಒತ್ತಿದೆ. ಎಂಜಿನ್ ತಟ್ಟನೆ ಹಿಡಿಯಿತು.

"ಇನ್ನ ನಾವು ಬ್ಯಾಡ ಬಿಡ್ರಿ," ಎಂದು ಹಿರಿಯರು ನಕ್ಕು ಕೈ ತೆಗೆದರು.

ಚಹಾಕ್ಕೆ ಹೋಗೋಣ ಬನ್ನಿ ಎನ್ನಬೇಕಿತ್ತು. "ವಾಲ್ವ್ ಟೈಟಾಗಿತ್ತಣ್ಣ, ನಾನೇ ಅಳೆದು ಸರಿ ಮಾಡ್ದೆ," ಎಂದು ಜಂಬ ಕೊಚ್ಚಿಕೊಂಡೆ. ಅವರು ತಲೆಯಾಡಿಸಿ ಒಳಗೆ ಹೋದರು. ಅಂದು ಚಹಾ ಕುಡಿಯದೆ ಊರೆಲ್ಲ ಸುತ್ತಿದೆ. ಇಷ್ಟು ಚೆನ್ನಾಗಿ ಓಡುವ ಬೈಕಿನ ಮೇಲೆ ಇಷ್ಟು ಸಂಕಟಪಟ್ಟವನು ನಾನೊಬ್ಬನೇ ಇರಬೇಕು.

ಮುಂದಿನ ಭಾನುವಾರ ಬಟನ್ ಮುಟ್ಟಲಿಲ್ಲ. ಅವರ ಬಾಗಿಲ ಮುಂದೆ ಹ್ಯಾಂಡಲ್ ಹಿಡಿದು, ಗಂಟಲು ಸರಿಮಾಡಿಕೊಳ್ಳುತ್ತ ನಿಂತೆ. ಒಳಗೆ ಪಾತ್ರೆ ಸದ್ದು, ಮೂವರ ನಗು. ಕಿಟಕಿಯಿಂದ ಹಿರಿಯರು ಇಣುಕಿದರು.

"ಬಟನ್ ಒತ್ರಿ ಸರ, ಈಗ ಚಾಲೂ ಆಗ್ತದಲ್ರಿ."

ಒತ್ತಿದೆ. ಆಯಿತು.