ವೀರಪ್ಪನವರ ಉಚಿತ ಸಲಹೆ

ಶಿವಮೊಗ್ಗದ ರವೀಂದ್ರನಗರದ ಆ ಹಲ್ಲಿನ ಆಸ್ಪತ್ರೆಯಲ್ಲಿ ಇಬ್ಬರು ವೈದ್ಯರಿದ್ದರು. ಒಬ್ಬರು ಒಳಗೆ, ಓದಿ ಬಂದವರು, ಫೀಸು ತೆಗೆದುಕೊಳ್ಳುವವರು, ಹೆಸರು ಡಾಕ್ಟರ್ ಪ್ರಸನ್ನಕುಮಾರ್. ಇನ್ನೊಬ್ಬರು ಹೊರಗೆ, ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ. ಓದಿದವರಲ್ಲ, ಫೀಸನ್ನೂ ಕೇಳದವರು, ಆದರೆ ಒಳಗಿನವರಿಗಿಂತ ಹೆಚ್ಚು ಜನರನ್ನು ನೋಡಿ ಕಳಿಸುತ್ತಿದ್ದವರು. ಅವರೇ ಡಾಕ್ಟರ ತಂದೆ ವೀರಪ್ಪನವರು.

ಜೀವಮಾನವೆಲ್ಲ ಅಡಿಕೆ ಮಂಡಿ ನಡೆಸಿದ ವೀರಪ್ಪನವರು ಈಗ ವ್ಯಾಪಾರವನ್ನು ತಮ್ಮನಿಗೆ ಒಪ್ಪಿಸಿದ್ದರು. ಮನೆಯಲ್ಲಿ ಸುಮ್ಮನೆ ಕೂತರೆ ಹೆಂಡತಿ ಜಗದಾಂಬಾ ಸೊಪ್ಪು ಬಿಡಿಸಲು ಮುಂದಿಡುತ್ತಾರೆಂಬ ಭಯ. ಹಾಗಾಗಿ ತಿಂಡಿ ಮುಗಿದ ಕೂಡಲೇ ಬಿಳಿ ಜುಬ್ಬ ತೊಟ್ಟು ಸಮಾಜಸೇವೆಗೆ ಹೊರಡುತ್ತಿದ್ದರು.

"ಏನಮ್ಮ, ಹಲ್ಲು ಕ್ಲೀನ್ ಮಾಡಿಸೋಕೆ ಬಂದ್ಯಾ? ಮಾಡಿಸು, ಮಾಡಿಸು. ಆಮೇಲೆ ಹಲ್ಲೆಲ್ಲ ಸಡಿಲ ಆದ್ರೆ ನನ್ನ ಕೇಳಬೇಡ."

"ಮೇಲಿನ ಹಲ್ಲು ಕೀಳಿಸ್ತೀಯಾ? ಕಣ್ಣಿನ ನರ ಅಲ್ಲೇ ಬರೋದು ಮಾರಾಯ. ಲವಂಗ ಇಟ್ಕೊಂಡು ಮನೇಲಿ ಮಲಗು."

ಆಲ್ಕೊಳದಿಂದ ಆಟೊದಲ್ಲಿ ಬಂದವರು ಅದೇ ಆಟೊ ಹತ್ತಿ ವಾಪಸು ಹೋದದ್ದುಂಟು. ಬಾಗಿಲ ಬಳಿಯ ಮೇಜಿನಲ್ಲಿ ಹೆಸರು ಬರೆದುಕೊಳ್ಳುವ ಧನಲಕ್ಷ್ಮಿ ಒಮ್ಮೆ ತಡೆಯಲಾರದೆ, "ಯಜಮಾನ್ರೇ, ಹೀಗೆ ಎಲ್ಲರನ್ನೂ ನೀವೇ ವಾಸಿ ಮಾಡಿ ಕಳಿಸಿದ್ರೆ ನನಗೆ ಸಂಬಳ ಯಾರು ಕೊಡ್ತಾರೆ?" ಎಂದಿದ್ದಳು. ಅದನ್ನು ಹೊಗಳಿಕೆಯೆಂದೇ ವೀರಪ್ಪನವರು ತೆಗೆದುಕೊಂಡರು.

ಒಳಗಿನ ವೈದ್ಯರದು ಬೇರೆಯೇ ರಾಗ. ಬ್ರಷ್ಷನ್ನು ಪಾತ್ರೆ ತಿಕ್ಕುವ ಹಾಗೆ ಒತ್ತಬೇಡಿ. ರಾತ್ರಿ ಮಲಗುವ ಮುಂಚೆ ಹಲ್ಲುಜ್ಜದೆ ಇರಬೇಡಿ, ಬಾಯಲ್ಲಿ ಉಳಿದ ಅನ್ನದಗುಳು ಹುಳುಕಿಗೆ ಹಬ್ಬದೂಟ. ನೋವು ಬಂದ ಮೇಲೆ ಬರುವುದಲ್ಲ, ಬರುವ ಮೊದಲೇ ಬನ್ನಿ. ಬಾಗಿಲ ಸಂದಿಯಿಂದ ಇದೆಲ್ಲ ಕೇಳಿಸಿಕೊಂಡು ವೀರಪ್ಪನವರು ಪಕ್ಕದವರಿಗೆ ಹೇಳುತ್ತಿದ್ದರು: "ರಾತ್ರಿ ಉಜ್ಜಬೇಕಂತೆ. ಹಲ್ಲೇನು ಫ್ಯಾಕ್ಟರೀಲಿ ನೈಟ್ ಶಿಫ್ಟ್ ಮಾಡುತ್ತಾ?"

ಈ ತಂದೆಮಕ್ಕಳ ನಡುವೆ ನಿಜವಾದ ಜಗಳ ಆದದ್ದು ಒಮ್ಮೆ ಮಾತ್ರ. ಆಸ್ಪತ್ರೆ ತೆರೆದ ಹೊಸತರಲ್ಲಿ ಪ್ರಸನ್ನಕುಮಾರ್ ಒಂದು ಭಿತ್ತಿಪತ್ರ ತಂದು ಗೋಡೆಗೆ ಅಂಟಿಸಿದ. ಬಾಯಿಯ ಶತ್ರುಗಳು ಎಂದು ಅದರ ಮೇಲಿತ್ತು. ಶತ್ರುಗಳ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದುದು ಅಡಿಕೆ. ವೀರಪ್ಪನವರು ಓದಿದರು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

"ನೀನು ನಿಂತಿರೋ ಟೈಲ್ಸ್ ಯಾವುದರದ್ದು?"

"ಅಪ್ಪ..."

"ಅಡಿಕೇದು. ನಿನ್ನ ಕಾಲೇಜು ಸೀಟು? ಅಡಿಕೇದು. ಆ ಏಳೋ ಬೀಳೋ ಕುರ್ಚಿ? ಅದೂ ಅಡಿಕೇದೇ. ತಂಬಾಕು ಹಾಕೋರಿಗೆ ಏನಾದ್ರೂ ಆಗ್ಲಿ, ಬರೀ ಅಡಿಕೆಯಿಂದ ಯಾರಿಗಯ್ಯ ಏನಾಗಿದೆ? ದೇವರ ಮುಂದೆ ಇಡೋ ವಸ್ತು!"

"ಬರೀ ಅಡಿಕೆಯಿಂದಲೇ ಆಗುತ್ತೆ ಅಪ್ಪ. ದಿನಾ ನೋಡ್ತಿದ್ದೀನಿ."

ಮಾರನೆಯ ದಿನ ಆ ಭಿತ್ತಿಪತ್ರದ ಮೇಲೆ ಮಂಡಿಯ ಕ್ಯಾಲೆಂಡರೊಂದು ನೇತಾಡುತ್ತಿತ್ತು. ಲಕ್ಷ್ಮಿಯ ಚಿತ್ರವಿದ್ದ ಆ ಕ್ಯಾಲೆಂಡರನ್ನು ವೀರಪ್ಪನವರು ಎಂಥ ಜಾಣತನದಿಂದ ನೇತುಹಾಕಿದ್ದರೆಂದರೆ, ಅಡಿಕೆಯೊಂದು ಮಾತ್ರ ದೇವಿಯ ಹಿಂದೆ ಅಡಗಿ, ಉಳಿದ ಶತ್ರುಗಳೆಲ್ಲ ಬಯಲಲ್ಲಿ ನಿಂತಿದ್ದರು. ಮಗ ಅದನ್ನು ತೆಗೆಯಲಿಲ್ಲ. ಅಡಿಕೆ ಗೆದ್ದಿತು.

ಗೆದ್ದ ಅಡಿಕೆಗೂ ವೀರಪ್ಪನವರ ಬಾಯಿಗೂ ಹಳೆಯ ಸ್ನೇಹ. ಬೇರೆ ಮಂಡಿಯವರು ಅಡಕತ್ತರಿಯಿಂದ ಸೀಳಿ ಒಳಗಿನ ಬಣ್ಣ ನೋಡಿ ಬೆಲೆ ಹೇಳಿದರೆ, ಇವರು ಹಲ್ಲಿನಲ್ಲೇ ಒಡೆದು, ಅಗಿದು, ಕಣ್ಣು ಮುಚ್ಚಿ ಹೇಳುತ್ತಿದ್ದರು. ಮೂಟೆ ತಂದ ರೈತರು ತಮ್ಮ ಮಕ್ಕಳ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತೆ ಆ ದವಡೆಯನ್ನೇ ನೋಡುತ್ತಿದ್ದರು. ವ್ಯಾಪಾರ ಬಿಟ್ಟರೂ ದವಡೆ ತನ್ನ ಕೆಲಸ ಬಿಡಲಿಲ್ಲ.

ಈ ಬೇಸಿಗೆ ಬರುವಷ್ಟರಲ್ಲಿ ಆ ದವಡೆಯೇ ಮುಷ್ಕರ ಹೂಡಿತು. ಸಾರು ತಾಗಿದರೆ ಕೆನ್ನೆಯೊಳಗೆ ಕೆಂಡ ಇಟ್ಟಂತೆ. ಆಕಳಿಸಿದರೆ ಬಾಯಿ ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು, ಯಾರೋ ಒಳಗಿನಿಂದ ದಾರ ಹಾಕಿ ಎಳೆದು ಹಿಡಿದಂತೆ. ಸಂಜೆಯ ಮಂಡಕ್ಕಿ ಮೆಣಸಿನಕಾಯಿಯನ್ನು ಬಿಟ್ಟರು. ರೊಟ್ಟಿ ಬಿಟ್ಟರು. ಮೊಸರನ್ನಕ್ಕೆ ಬಂದು ನಿಂತರು.

"ಏನ್ರೀ ಇದು, ಇಡ್ಲೀನ ಗುಬ್ಬಿಗೆ ಹಾಕೋ ಹಾಗೆ ಪುಡಿ ಮಾಡ್ತೀರಲ್ಲ?" ಜಗದಾಂಬಾ ಕೇಳಿದರು.

"ಹೊಟ್ಟೆ ಉರಿ ಮಾರಾಯ್ತಿ. ಗ್ಯಾಸು."

"ಹೊಟ್ಟೆ ಉರಿಯೋದು ಇಡ್ಲಿಗೆ ಹೇಗ್ರೀ ಗೊತ್ತಾಗುತ್ತೆ?"

ವೀರಪ್ಪನವರು ಇಡ್ಲಿಯ ಪುಡಿಗೆ ಮೊಸರು ಸುರಿದುಕೊಂಡರು. ರೋಗ ಯಾವುದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲ ಸಂದಿಯಿಂದ ಅದನ್ನೂ ಕೇಳಿಸಿಕೊಂಡಿದ್ದರಲ್ಲ: ಅಡಿಕೆಯಿಂದ ಕೆನ್ನೆಯ ಒಳಚರ್ಮ ನಾರಿನಂತೆ ಬಿಗಿಯುತ್ತದೆ, ಬಿಟ್ಟರೆ ಅಲ್ಲಿಗೇ ನಿಲ್ಲಿಸಬಹುದು, ಬಿಡದಿದ್ದರೆ ಕೆಲವರಿಗೆ ಕ್ಯಾನ್ಸರಿಗೂ ತಿರುಗಬಹುದು. ಮಗನ ಕುರ್ಚಿ ಹತ್ತಿ ಬಾಯಿ ತೋರಿಸಿದರೆ ಸಾಕಿತ್ತು. ಆದರೆ ತೋರಿಸಿದರೆ ಏನಾಗುತ್ತದೆ? ಟೈಲ್ಸು, ಸೀಟು, ಕುರ್ಚಿ, ಲಕ್ಷ್ಮಿ ಎಲ್ಲ ಸೋತು, ಮಗ ಗೆಲ್ಲುತ್ತಾನೆ. ಕ್ಯಾನ್ಸರನ್ನಾದರೂ ಎದುರಿಸಬಹುದು, ನಾನು ಹೇಳಿರಲಿಲ್ಲವೇ ಎನ್ನುವ ಮಗನ ಮುಖವನ್ನು ಎದುರಿಸುವುದು ಹೇಗೆ?

ಒಂದು ಬೆಳಿಗ್ಗೆ, ಗಾಜನೂರಿನ ಬೀಗರ ಮನೆಗೆ ಹೋಗಿ ಬರ್ತೀನಿ ಎಂದು ಹೆಂಡತಿಗೆ ಹೇಳಿ, ಅದಕ್ಕೆ ಸರಿಯಾಗಿ ವಿರುದ್ಧ ದಿಕ್ಕಿಗೆ ಹೋಗುವ ಭದ್ರಾವತಿ ಬಸ್ಸು ಹತ್ತಿದರು.

ಅಲ್ಲಿನ ಜನ್ನಾಪುರದಲ್ಲಿ ಕಣ್ಣಿಗೆ ಬಿದ್ದ ಮೊದಲ ಹಲ್ಲಿನ ಆಸ್ಪತ್ರೆ ಚಿಕ್ಕದು. ಹೊರಗಿನ ಬೆಂಚಿನಲ್ಲಿ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತನಾದ ಭೂತಪ್ಪ ಎಂಬವನು ಕೂತಿದ್ದ. ಅತ್ತ ಹೆಸರು ಬರೆಯುವ ಹುಡುಗಿಯೊಂದಿಗೆ ತಮಿಳಿನಲ್ಲಿ ಹರಟುತ್ತಿದ್ದವನು ಇವರು ಕೂತ ಕೂಡಲೇ ಕನ್ನಡಕ್ಕೆ ತಿರುಗಿದ.

"ಕ್ಲೀನಿಂಗಾ ಯಜಮಾನ್ರೇ? ಮಾಡಿಸ್ಬೇಡಿ. ಹಲ್ಲೆಲ್ಲ ಅಲ್ಲಾಡ್ತವೆ. ಲವಂಗ ಇಡಿ, ಲವಂಗ."

ಎಂಥ ಮೂಢ, ಎಂದುಕೊಂಡರು ವೀರಪ್ಪನವರು. ಇಂಥವರನ್ನು ಆಸ್ಪತ್ರೆಯ ಬಾಗಿಲಲ್ಲಿ ಕೂರಲು ಬಿಡುವವರಿಗೆ ಬುದ್ಧಿ ಬೇಡವೇ?

ಡಾಕ್ಟರ್ ಸುಷ್ಮಾ ಚಿಕ್ಕ ವಯಸ್ಸಿನ, ಚುರುಕಿನ ಹೆಣ್ಣುಮಗಳು. ಕುರ್ಚಿಯನ್ನು ಹಿಂದಕ್ಕೆ ಮಲಗಿಸಿ ಕೊರಳಿಗೆ ಹಾಳೆ ಕಟ್ಟಿದಳು.

"ನಿಮ್ಮ ಹೆಸರು?"

"ಪುಟ್ಟಣ್ಣ."

"ಅಡಿಕೆ ಹಾಕ್ತೀರಾ ಪುಟ್ಟಣ್ಣನವರೇ?"

"ಊಟ ಆದ್ಮೇಲೆ ಒಂದು ಚೂರು."

"ದಿನಕ್ಕೆ ಎಷ್ಟು ಊಟ ಮಾಡ್ತೀರಿ, ಹನ್ನೆರಡಾ?" ದೀಪವನ್ನು ಬಾಯಿಯ ಮೇಲೆ ಎಳೆದಳು. "ತೆರೀರಿ. ಇನ್ನೂ. ನಿಮ್ಮ ಬೆರಳನ್ನೇ ಒಂದರ ಮೇಲೊಂದಿಟ್ಟು ಬಾಯೊಳಗೆ ತೂರಿಸಿ ನೋಡೋಣ. ಮೂರು ಬೆರಳು ಸಲೀಸಾಗಿ ಹೋಗಬೇಕು."

ಎರಡನೆಯ ಬೆರಳು ಹಲ್ಲಿಗೆ ತಾಗಿ ನಿಂತುಬಿಟ್ಟಿತು. ಮೂಟೆ ತೂಗಿ ಗೊತ್ತಿದ್ದ ಮನುಷ್ಯ. ತೂಕ ಕಮ್ಮಿ ಬಿದ್ದದ್ದು ಯಾರೂ ಹೇಳದೆಯೇ ತಿಳಿಯಿತು.

ಸುಷ್ಮಾ ತಮಾಷೆ ನಿಲ್ಲಿಸಿದಳು. ಕನ್ನಡಿ ಹಿಡಿದು ಎರಡೂ ಕೆನ್ನೆಯೊಳಗೆ ಬಹಳ ಹೊತ್ತು ನೋಡಿದಳು. "ಇವತ್ತಿಂದಲೇ ಅಡಿಕೆ ಬಿಡಬೇಕು. ಒಂದು ಚೂರೂ ಬೇಡ. ಇಲ್ಲೊಂದು ಬಿಳಿ ಮಚ್ಚೆ ಇದೆ, ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಬೇಕು. ಹೆದರಬೇಡಿ, ಎಲ್ಲ ಮಚ್ಚೆನೂ ಕೆಟ್ಟದ್ದಲ್ಲ. ಇದರಲ್ಲಿ ನನಗಿಂತ ಪಳಗಿದವರು ಶಿವಮೊಗ್ಗದಲ್ಲಿ ಇದ್ದಾರೆ. ಕಾಲೇಜಲ್ಲಿ ನನಗೆ ಪಾಠ ಮಾಡಿದವರು, ಪ್ರಸನ್ನಕುಮಾರ್ ಸರ್. ಇರಿ, ಈಗಲೇ ಮಾತಾಡ್ತೀನಿ."

ವೀರಪ್ಪನವರು ಏಳಲು ನೋಡಿದರು. ತಲೆ ಕೆಳಗೆ, ಕಾಲು ಮೇಲೆ, ಬಾಯಲ್ಲಿ ಕನ್ನಡಿ. ಬೇಡ ಎನ್ನಲು ಹೋದರೆ ಬಂದದ್ದು ಬರೀ ಆ ಆ. ಕೈಗವಸು ಇದ್ದುದರಿಂದ ಸುಷ್ಮಾ ಹೊರಗಿನ ಹುಡುಗಿಯನ್ನು ಕರೆದು ಫೋನನ್ನು ಟ್ರೇಯ ಮೇಲಿಡಿಸಿ ಸ್ಪೀಕರ್ ಹಾಕಿಸಿದಳು. ಮಗನ ದನಿ ಕೋಣೆ ತುಂಬಿತು.

"ಹೇಳಿ ಸುಷ್ಮಾ."

ಅವಳು ವಿವರಿಸಿದಳು. ವಯಸ್ಸಾದವರು, ಪುಟ್ಟಣ್ಣ ಅಂತ ಹೆಸರು, ಬಾಯಿ ಒಂದೂವರೆ ಬೆರಳು ತೆರೀತಿದೆ, ತುಂಬ ತಡ ಮಾಡಿ ಬಂದಿದ್ದಾರೆ, ಚೆನ್ನಾಗಿ ಬೈದು ಕಳಿಸ್ತೀನಿ.

"ಬೈಬೇಡಿ," ಎಂದಿತು ದನಿ. "ಬೈದ್ರೆ ಇನ್ನೊಂದು ವರ್ಷ ಅಡಗಿಸಿಟ್ಕೋತಾರೆ. ನಮ್ಮಪ್ಪನೇ ಇದ್ದಾರಲ್ಲ. ಯುಗಾದಿಯಿಂದ ಮೊಸರನ್ನ ಉಣ್ತಿದ್ದಾರೆ. ಮೆಣಸಿನಕಾಯಿ ಅಂದ್ರೆ ಪ್ರಾಣ ಬಿಡ್ತಿದ್ದ ಮನುಷ್ಯ. ಗ್ಯಾಸು ಅಂತಾರೆ. ನನಗೆ ಗೊತ್ತಾಗಲ್ವಾ? ಊರಿನೋರಿಗೆಲ್ಲ ಬಾಯಿ ತೆರೀರಿ ಅಂತೀನಿ, ಅಪ್ಪನಿಗೆ ಹೇಳೋಕೆ ಧೈರ್ಯ ಸಾಲ್ತಿಲ್ಲ. ಗೆದ್ದೆ ಅಂತ ತೋರಿಸ್ಕೋತಿದ್ದೀನಿ ಅಂದುಕೊಂಡು ಬಿಟ್ರೆ? ಆಮೇಲೆ ಯಾರಿಗೂ ತೋರಿಸಲ್ಲ ಅವರು. ಅದಿರಲಿ. ನಿಮ್ಮ ಪೇಷೆಂಟನ್ನ ಕಳಿಸಿ, ನಾನು ನೋಡ್ಕೋತೀನಿ."

ಸುಷ್ಮಾ ಕನ್ನಡಿಯನ್ನು ಹೊರಗೆ ತೆಗೆದಳು. ಬಾಯಿ ಖಾಲಿಯಾಯಿತು. ಬೆಲೆ ಹೇಳುವ ಮುಂಚೆ ಮಂಡಿಯಲ್ಲಿ ಕಣ್ಣು ಮುಚ್ಚುತ್ತಿದ್ದಂತೆಯೇ ವೀರಪ್ಪನವರು ಕಣ್ಣು ಮುಚ್ಚಿದರು.

"ಪ್ರಸನ್ನ," ಎಂದರು. "ಎಷ್ಟು ಗಂಟೆಗೆ ಬರಲಿ?"

ಫೋನಿನ ಆ ತುದಿಯಲ್ಲಿ ಧನಲಕ್ಷ್ಮಿ ಯಾರನ್ನೋ ಕರೆಯುವುದು ಕೇಳಿಸಿತು, ಯಂತ್ರವೊಂದು ಗುಂಯ್ಗುಟ್ಟಿ ನಿಂತಿತು. ಪುಟ್ಟಣ್ಣನವರು ಪುಟ್ಟಣ್ಣನವರಲ್ಲ ಎಂಬುದು ಅರ್ಥವಾಗಿ ಸುಷ್ಮಾ ದೀಪವನ್ನು ಅವರ ಮುಖದಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಅಪ್ಪ, ಅಲ್ಲೇ ಇರಿ. ಕಾರ್ ತಗೊಂಡು ಈಗಲೇ ಬರ್ತೀನಿ."

"ಬರಬೇಡ," ವೀರಪ್ಪನವರು ಗದರಿದರು. ಗದರಿಕೆ ಅರ್ಧಕ್ಕೇ ಮೆತ್ತಗಾಯಿತು. "ಹಲ್ಲು ನೋವಿನ ಜನ ಕಾಯ್ತಾ ಕೂತಿರ್ತಾರೆ. ಅವರನ್ನ ಬಿಟ್ಟು ಬರ್ತಾರೇನೋ ಯಾರಾದ್ರೂ? ಬಸ್ಸಿದೆ, ನಾನೇ ಬರ್ತೀನಿ."