ಸೌಟಿನ ಜಾಗಕ್ಕೆ ಬಂದೂಕು

ನಮ್ಮ ತಾತ ಬಂದೂಕು ಹಿಡಿದು ಗಡಿ ಕಾದವರು ಎಂದು ಮನೆಮಂದಿಯೆಲ್ಲ ಹೇಳುತ್ತಾರೆ. ಕುಣಿಗಲ್‌ನ ನೆಂಟರು ಬಂದರಂತೂ ಆ ಕತೆಯಲ್ಲಿ ಇನ್ನೂ ನಾಲ್ಕು ಶತ್ರುಗಳು ಸಾಯುತ್ತಾರೆ. ತಾತ ಗಡಿಯಲ್ಲಿದ್ದದ್ದು ನಿಜ, ಒಪ್ಪಿದೆ. ಆದರೆ ಅಲ್ಲಿ ಅವರು ಮಾಡಿದ್ದೇನು? ಅಡುಗೆ. ಸರ್ವೀಸ್ ಪೂರ್ತಿ ಪಟಾಲಮ್ಮಿಗೆ ಹಿಟ್ಟು ನಾದಿದರು, ಬೇಳೆ ಬೇಯಿಸಿದರು. ನನಗೆ ಇದನ್ನು ಹೇಳಿದ್ದು ತಾತನೇ, ಅದೂ ಗತ್ತಿನಿಂದ.

"ಆ ಚಳೀಲಿ ಬೇಳೆ ಬೇಯ್ಸೋದು ಅಂದ್ರೆ ಏನಂದ್ಕಂಡಿದೀಯ? ಹಸ್ಕಂಡಿರೋನು ಕಾವಲು ಕಾಯ್ತಾನೇನ್ಲಾ?"

ನಿವೃತ್ತರಾಗಿ ಗುಬ್ಬಿಗೆ ಬಂದ ಮೇಲೆ ಅದೇ ಕೈಗೆ ಒಲೆ ದೂರವಾಯಿತು. ಒಮ್ಮೆ ಚಪಾತಿ ಲಟ್ಟಿಸಲು ಕೂತಾಗ ಅಜ್ಜಿ ಲಟ್ಟಣಿಗೆ ಕಿತ್ತುಕೊಂಡಳಂತೆ: "ಎದ್ದೇಳಿ ಅತ್ಲಾಗೆ. ಮಿಲ್ಟ್ರಿಯೋರು ಒಲೆ ಮುಂದೆ ಕೂತವ್ರೆ ಅಂತ ಬೀದಿಯೋರು ನಗಾಡ್ತಾರೆ."

ಮೊನ್ನೆ ಮಹಾಲಯ ಅಮಾವಾಸ್ಯೆ. ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗಿಡುವ ದಿನ. ದೊಡ್ಡಪ್ಪ ತುಮಕೂರಿನ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದ ತಾತನ ಫೋಟೋ ತಂದರು. ನೋಡಿ ನನಗೆ ಮೈಯೆಲ್ಲ ಉರಿಯಿತು. ಹಳೆಯ ಫೋಟೋದಲ್ಲಿ ತಾತ ಹಂಡೆಯ ಮುಂದೆ ಸೌಟು ಹಿಡಿದು ನಗುತ್ತಿದ್ದರು. ಇದರಲ್ಲಿ ಹಂಡೆ ಹೋಗಿ ಹಿಮಪರ್ವತ ಬಂದಿದೆ, ಸೌಟು ಹೋಗಿ ಬಂದೂಕು. ನಗು ಮಾತ್ರ ಹಾಗೇ ಇದೆ, ಬಂದೂಕಿನಲ್ಲೇ ಯಾರಿಗೋ ಸಾರು ಬಡಿಸಲು ಹೊರಟವರ ಹಾಗೆ.

"ಇದ್ಯಾರು ದೊಡ್ಡಪ್ಪ?"

"ನಿಮ್ ತಾತ ಕಣ್ಲಾ. ಕಣ್ ಕಾಣಲ್ವಾ?"

"ಹಂಗಾದ್ರೆ ಸೌಟೆಲ್ಲೋಯ್ತು?"

"ಡಿಬೇಟಲ್ಲಿ ಕಪ್ ತಂದವ್ನೆ ಅಂತ ಎಡೆ ಮುಂದೂ ವಾದಕ್ಕೆ ನಿಂತ್ಕಂಡ ನೋಡು! ಸೌಟು ಹಿಡ್ಕಂಡಿರೋ ಫೋಟೋ ಹಾಕಿದ್ರೆ ಬಂದೋರು ಮದ್ವೆಮನೆ ಅಡ್ಗೆಯೋರು ಅನ್ಕಳಲ್ವಾ?"

"ಅನ್ಕಳ್ಳಿ. ಏನೀಗ?"

"ಏಯ್, ಸುಮ್ಕಿರು ಬುಡು. ಎಡೆಗೆ ಧೂಪದ ಹೊಗೆ ಹಾಕ್ಬೇಕು."

ಇದು ಉತ್ತರವೇ? ತಾತ ಎಂದೂ ಮುಚ್ಚಿಡದ ಕೆಲಸವನ್ನು ಅಳಿಸಲು ಇವರಿಗೆ ಅಧಿಕಾರ ಕೊಟ್ಟವರು ಯಾರು? ಗುಂಡು ಹಾರಿಸಿದವನಷ್ಟೇ ಸೈನಿಕನೆಂದರೆ, ಅವನಿಗೆ ಅನ್ನವಿಟ್ಟವನು ಏನು? ನಾಳೆ ಈ ಮನೆಯಲ್ಲಿ ಹುಟ್ಟುವ ಮಕ್ಕಳು ತಾತನನ್ನು ತಿಳಿಯುವುದು ಈ ಫೋಟೋದಿಂದಲೇ. ಅವರಿಗೆ ಸಿಗುವುದು ನಮ್ಮ ತಾತನಲ್ಲ, ಸ್ಟುಡಿಯೋದವನು ಹುಟ್ಟಿಸಿದ ಇನ್ನೊಬ್ಬ.

ಇಷ್ಟೆಲ್ಲ ಆದರೂ ಅಜ್ಜಿ ತಲೆ ತಗ್ಗಿಸಿ ಎಲೆಗೆ ವಡೆ, ಪಾಯಸ ಬಡಿಸುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

"ಅಜ್ಜಿ, ಅಷ್ಟು ಜನಕ್ಕೆ ಉಣ್ಣಕ್ಕಿಟ್ಟ ಕೈ ಅದು. ಆ ಕೈ ಅಡ್ಗೆ ನೀನು ಒಂದ್ಸಲನಾದ್ರೂ ಉಂಡಿದ್ಯಾ?"